ಒಂದೇ ಪಾಠ, ಹಲವು ನೆಲೆ: ಸೋರ್ಸ್ ಕೋಡ್ ಭಂಡಾರಗಳ ಹೊಂದಾಣಿಕೆಯ ಚರಿತ್ರೆ

೧

ಓಲೆಗರಿಯ ಕಾಲದಲ್ಲಿ ಒಂದು ಕಾವ್ಯದ ಪ್ರತಿ ಒಂದು ಊರಿನಿಂದ ಮತ್ತೊಂದು ಊರಿಗೆ ಹೋಯಿತೆಂದರೆ, ಅಂದಿನಿಂದ ಆ ಎರಡು ಪ್ರತಿಗಳ ಬಾಳು ಬೇರೆಬೇರೆಯಾಗುತ್ತಿತ್ತು. ಲಿಪಿಕಾರನ ಕೈತಪ್ಪಿನಿಂದಲೂ ಓದುಗನ ತಿದ್ದುಪಡಿಯಿಂದಲೂ ಪಾಠ ಕವಲೊಡೆಯುತ್ತಿತ್ತು. ಶತಮಾನಗಳ ತರುವಾಯ ಗ್ರಂಥಸಂಪಾದಕನು ಉಳಿದ ಪ್ರತಿಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು, ಪಾಠಾಂತರಗಳನ್ನು ತೂಗಿ ನೋಡಿ, ಮೂಲವನ್ನು ಊಹಿಸಬೇಕಾಗುತ್ತಿತ್ತು. ಈ ಕಷ್ಟ ನಮ್ಮ ಸಾಹಿತ್ಯವಿದ್ಯಾರ್ಥಿಗಳಿಗೆ ಚೆನ್ನಾಗಿ ಪರಿಚಿತವಾದುದೇ ಆಗಿದೆ. ಇದೇ ಜಾತಿಯ ಕಷ್ಟವೊಂದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಣಕಯಂತ್ರದ ಕ್ಷೇತ್ರದಲ್ಲಿ ತಲೆದೋರಿತು. ಅಲ್ಲಿ ಪ್ರತಿಗಳು ತಲೆಮಾರಿಗೊಮ್ಮೆ ಅಲ್ಲ, ಗಂಟೆಗೊಮ್ಮೆ ಭಿನ್ನವಾಗುತ್ತಿದ್ದವು. ಸಂಪಾದಕನು ಬಂದು ಸರಿಪಡಿಸುವವರೆಗೆ ಕಾಯುವ ಸಾವಕಾಶವೂ ಇರಲಿಲ್ಲ.

ತಂತ್ರಾಂಶವೆಂಬುದು ಯಂತ್ರದಲ್ಲಿ ನಡೆಯುವ ಮೊದಲು ಮನುಷ್ಯರು ಓದಿ ಬರೆಯಬಲ್ಲ ಬರಹದ ರೂಪದಲ್ಲಿರುತ್ತದೆ. ಇದಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ಈ ಬರಹವೂ ಅದರಲ್ಲಿ ಕಾಲಕಾಲಕ್ಕೆ ಆದ ಬದಲಾವಣೆಗಳ ದಾಖಲೆಯೂ ಕೂಡಿದ ಸಂಗ್ರಹವನ್ನು ರಿಪಾಸಿಟರಿ, ಅಂದರೆ ಭಂಡಾರ, ಎಂದು ಕರೆಯುತ್ತಾರೆ. ಒಂದೇ ತಂತ್ರಾಂಶವನ್ನು ಹಲವು ಊರುಗಳಲ್ಲಿ, ಹಲವು ದೇಶಗಳಲ್ಲಿ ಕುಳಿತವರು ಏಕಕಾಲದಲ್ಲಿ ತಿದ್ದುತ್ತಿರುವಾಗ ಎಲ್ಲ ಕಡೆಯ ಭಂಡಾರಗಳೂ ಒಂದಕ್ಕೊಂದು ಹೊಂದಿಕೊಂಡಿರುವಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಮೇಲ್ನೋಟಕ್ಕೆ ಇದು ನಕಲು ತೆಗೆಯುವ ಸಮಸ್ಯೆಯಂತೆ ತೋರುತ್ತದೆ. ಆದರೆ ಇದರ ಚರಿತ್ರೆಯನ್ನು ಕ್ರಮವಾಗಿ ಪರಿಶೀಲಿಸಿದರೆ, ನಕಲು ತೆಗೆಯುವುದು ಈ ಸಮಸ್ಯೆಯ ಸುಲಭವಾದ ಭಾಗ ಮಾತ್ರವೆಂದು ವಿದಿತವಾಗುತ್ತದೆ. ಯಾವ ತಿದ್ದುಪಡಿಯ ಮುಂದೆ ಯಾವ ತಿದ್ದುಪಡಿ ಬರಬೇಕು, ಅದನ್ನು ನಿರ್ಣಯಿಸುವ ಅಧಿಕಾರ ಯಾರದು ಎಂಬುದೇ ಇಲ್ಲಿಯ ನಿಜವಾದ ಪ್ರಶ್ನೆ. ಈ ಅಧಿಕಾರವು ಬೀಗದಿಂದ ಕೇಂದ್ರಕ್ಕೂ, ಕೇಂದ್ರದಿಂದ ಹಂಚಿಕೊಂಡ ಒಡೆತನಕ್ಕೂ, ಕಡೆಗೆ ಇತಿಹಾಸದ ದಾಖಲೆಗೂ ಸಾಗಿಬಂದ ಬಗೆಯನ್ನು ಮುಂದೆ ವಿವರಿಸಲಾಗಿದೆ.

೨

ಈ ಚರಿತ್ರೆಯ ಮೊದಲ ಘಟ್ಟದಲ್ಲಿ ಭಂಡಾರವೂ ಒಂದೇ, ಯಂತ್ರವೂ ಒಂದೇ. ೧೯೭೨ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಚ್‌ಕೈಂಡ್ ಎಂಬವರು ಎಸ್‌ಸಿಸಿಎಸ್ ಎಂಬ ವ್ಯವಸ್ಥೆಯನ್ನು ಐಬಿಎಂ ಯಂತ್ರವೊಂದಕ್ಕಾಗಿ ರಚಿಸಿದರು; ೧೯೭೫ರಲ್ಲಿ ಅದನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಒಂದು ಕಡತದ ಎಲ್ಲ ಆವೃತ್ತಿಗಳನ್ನೂ ಬೇರೆಬೇರೆಯಾಗಿ ಇಡದೆ, ಯಾವ ಸಾಲು ಯಾವ ಆವೃತ್ತಿಯಲ್ಲಿ ಸೇರಿತು, ಯಾವುದರಲ್ಲಿ ಬಿಟ್ಟುಹೋಯಿತು ಎಂಬುದನ್ನು ಒಂದೇ ಕಡತದಲ್ಲಿ ಹೆಣೆದಿಡುವುದು ಇದರ ಕ್ರಮವಾಗಿತ್ತು. ಅನಂತರ ೧೯೮೨ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ವಾಲ್ಟರ್ ಟಿಚಿ ಅವರು ಆರ್‌ಸಿಎಸ್ ಎಂಬ ಮತ್ತೊಂದು ವ್ಯವಸ್ಥೆಯನ್ನು ಹೊರತಂದರು. ಅದು ಇತ್ತೀಚಿನ ಆವೃತ್ತಿಯನ್ನು ಪೂರ್ಣವಾಗಿ ಇಟ್ಟುಕೊಂಡು, ಅದರಿಂದ ಹಿಂದಕ್ಕೆ ಹೋಗಲು ಬೇಕಾದ ವ್ಯತ್ಯಾಸಗಳನ್ನು ಮಾತ್ರ ಉಳಿಸುತ್ತಿತ್ತು. ಜನರಿಗೆ ಬಹುಮಟ್ಟಿಗೆ ಬೇಕಾಗುವುದು ಹೊಸ ಆವೃತ್ತಿಯೇ ಆದುದರಿಂದ ಈ ಏರ್ಪಾಡು ಬೇಗ ಕೆಲಸ ಮಾಡುತ್ತಿತ್ತು.

ಎರಡು ವ್ಯವಸ್ಥೆಗಳಲ್ಲಿಯೂ ಶಾಂತಿಯನ್ನು ಕಾಪಾಡಿದ ಸಾಧನ ಬೀಗ. ಒಂದು ಕಡತವನ್ನು ತಿದ್ದಬೇಕೆನ್ನುವವನು ಮೊದಲು ಅದಕ್ಕೆ ತನ್ನ ಹೆಸರಿನ ಬೀಗವನ್ನು ಹಾಕಿಕೊಳ್ಳಬೇಕು; ಅವನು ಅದನ್ನು ತೆಗೆಯುವವರೆಗೆ ಉಳಿದವರು ಓದಬಹುದೇ ಹೊರತು ತಿದ್ದುವಂತಿಲ್ಲ. ಗ್ರಂಥಾಲಯದಲ್ಲಿ ಒಂದೇ ಪ್ರತಿಯಿರುವ ಪುಸ್ತಕವನ್ನು ಎರವಲು ಕೊಡುವ ಕ್ರಮವನ್ನು ಇದು ನೆನಪಿಗೆ ತರುತ್ತದೆ. ಒಂದೇ ಕಟ್ಟಡದಲ್ಲಿ ಕೆಲಸ ಮಾಡುವ ಕೆಲವೇ ಜನರಿಗೆ ಇದು ಸಾಕಾಗಿತ್ತು. ಬೀಗ ಹಾಕಿ ಮರೆತವನನ್ನು ಪಕ್ಕದ ಕೋಣೆಗೆ ಹೋಗಿ ಎಚ್ಚರಿಸಬಹುದಾಗಿತ್ತು. ದೂರ ಹೆಚ್ಚಿದಂತೆಲ್ಲ ಈ ಸೌಕರ್ಯ ಇಲ್ಲವಾಯಿತು.

೩

ಬೀಗವನ್ನು ಕೈಬಿಟ್ಟ ಪ್ರಯೋಗವು ನಡೆದುದು ದೂರದ ಕಾರಣದಿಂದಲ್ಲ, ವೇಳೆಯ ಕಾರಣದಿಂದ. ಆಮ್‌ಸ್ಟರ್‌ಡಾಮಿನ ವ್ರಿಯೆ ವಿಶ್ವವಿದ್ಯಾನಿಲಯದಲ್ಲಿ ೧೯೮೪-೮೫ರಲ್ಲಿ ಡಿಕ್ ಗ್ರೂನೆ ಎಂಬ ಅಧ್ಯಾಪಕರು ಇಬ್ಬರು ವಿದ್ಯಾರ್ಥಿಗಳೊಡನೆ ಸಿ ಭಾಷೆಯ ಕಂಪೈಲರೊಂದನ್ನು ರಚಿಸುತ್ತಿದ್ದರು. ಮೂವರೂ ಕೆಲಸ ಮಾಡುವ ಹೊತ್ತು ಬೇರೆಬೇರೆಯಾಗಿತ್ತು. ಒಬ್ಬರು ಮತ್ತೊಬ್ಬರ ಬೀಗಕ್ಕಾಗಿ ಕಾಯುವುದು ಇಂತಹ ಸಂದರ್ಭದಲ್ಲಿ ಅಸಾಧ್ಯ. ಆದಕಾರಣ ಗ್ರೂನೆಯವರು ಆರ್‌ಸಿಎಸ್ ವ್ಯವಸ್ಥೆಯ ಮೇಲೆ ಒಂದು ಹೊದಿಕೆಯನ್ನು ರಚಿಸಿದರು. ಪ್ರತಿಯೊಬ್ಬರೂ ಇಡೀ ಬರಹದ ಸ್ವಂತ ಪ್ರತಿಯನ್ನು ಇಟ್ಟುಕೊಂಡು ಇಷ್ಟಬಂದಂತೆ ತಿದ್ದಬಹುದು. ಭಂಡಾರಕ್ಕೆ ಒಪ್ಪಿಸುವ ಮುನ್ನ, ಅಷ್ಟರಲ್ಲಿ ಇತರರು ಒಪ್ಪಿಸಿದ ಬದಲಾವಣೆಗಳನ್ನು ತನ್ನ ಪ್ರತಿಯೊಳಕ್ಕೆ ಬೆರೆಸಿಕೊಳ್ಳಬೇಕು. ಇಬ್ಬರೂ ಒಂದೇ ಸಾಲನ್ನು ಮುಟ್ಟಿದ್ದರೆ ಮಾತ್ರ ಮನುಷ್ಯನು ಕುಳಿತು ತೀರ್ಮಾನಿಸಬೇಕು. ಸಿವಿಎಸ್ ಎಂಬ ಹೆಸರಿನ ಈ ವ್ಯವಸ್ಥೆ ೧೯೮೬ರಲ್ಲಿ ಸಾರ್ವಜನಿಕರಿಗೆ ದೊರೆಯಿತು. ೧೯೮೯ರಲ್ಲಿ ಬ್ರಯಾನ್ ಬರ್ಲಿನರ್ ಅದನ್ನು ಹೊಸದಾಗಿ ಸಿ ಭಾಷೆಯಲ್ಲಿ ಬರೆದರು. ೧೯೯೦ರ ದಶಕದ ಮಧ್ಯಭಾಗದ ವೇಳೆಗೆ ಜಾಲದ ಮೂಲಕ ದೂರದ ಭಂಡಾರಕ್ಕೆ ತಿದ್ದುಪಡಿಗಳನ್ನು ಒಪ್ಪಿಸುವ ಸೌಲಭ್ಯವೂ ಅದಕ್ಕೆ ಒದಗಿತು.

ಸಿವಿಎಸ್ ತಂದ ಬದಲಾವಣೆಯ ಮಹತ್ವವನ್ನು ಇಲ್ಲಿ ಗಮನಿಸಬೇಕು. ಬೀಗದ ಕ್ರಮವು ಭಿನ್ನತೆ ಹುಟ್ಟದಂತೆಯೇ ತಡೆಯುತ್ತಿತ್ತು. ಹೊಸ ಕ್ರಮವು ಭಿನ್ನತೆ ಹುಟ್ಟಲು ಬಿಟ್ಟು ಆಮೇಲೆ ಅದನ್ನು ಕೂಡಿಸುತ್ತಿತ್ತು. ಆದರೂ ಯಾವುದು ಮುಂದಿನ ಆವೃತ್ತಿ ಎಂದು ಹೇಳುವ ಹಕ್ಕು ಒಂದೇ ಸ್ಥಳದಲ್ಲಿ ಉಳಿದಿತ್ತು. ಕೇಂದ್ರದ ಯಂತ್ರಕ್ಕೆ ಯಾವುದು ಮೊದಲು ತಲಪಿತೋ ಅದೇ ಮೊದಲನೆಯದು.

ಹೀಗೆ ಒಂದು ಕೇಂದ್ರವನ್ನು ನೆಚ್ಚಲು ಆಳವಾದ ಕಾರಣವೊಂದು ಉಂಟು. ೧೯೭೮ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅವರು ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿಕೊಟ್ಟಂತೆ, ದೂರದೂರದಲ್ಲಿರುವ ಯಂತ್ರಗಳಿಗೆ ಪೂರ್ಣವಾಗಿ ನಂಬಬಹುದಾದ ಸಮಾನ ಗಡಿಯಾರವೆಂಬುದಿಲ್ಲ. ಒಂದು ಘಟನೆಯ ಸುದ್ದಿ ಮತ್ತೊಂದಕ್ಕೆ ಮುಟ್ಟಿದ್ದರೆ ಮಾತ್ರ ಒಂದು ಮೊದಲು, ಇನ್ನೊಂದು ಆಮೇಲೆ ಎಂದು ನಿಶ್ಚಯವಾಗಿ ಹೇಳಬಹುದು. ಸುದ್ದಿ ಮುಟ್ಟದ ಎರಡು ಘಟನೆಗಳಲ್ಲಿ ಯಾವುದು ಮುಂಚಿನದೆಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಕೇಂದ್ರವಿದ್ದಾಗ ಎಲ್ಲ ಸುದ್ದಿಯೂ ಅಲ್ಲಿಗೆ ಬರಲೇಬೇಕಾದುದರಿಂದ ಈ ತೊಡಕು ಕಾಣಿಸಿಕೊಳ್ಳುವುದಿಲ್ಲ. ಕೇಂದ್ರವನ್ನು ತೆಗೆದೊಡನೆ ಅದು ಎದುರಿಗೆ ನಿಲ್ಲುತ್ತದೆ.

೪

ಇಷ್ಟರಲ್ಲಿ ತಂತ್ರಾಂಶ ರಚನೆಯ ಭೂಗೋಳವೇ ಬದಲಾಗತೊಡಗಿತ್ತು. ೧೯೮೫ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ವಿನ್ಯಾಸಕೇಂದ್ರವನ್ನು ಸ್ಥಾಪಿಸಿ, ಉಪಗ್ರಹ ಸಂಪರ್ಕದ ಮೂಲಕ ಅದನ್ನು ಹೊರದೇಶದ ತನ್ನ ಕೇಂದ್ರಗಳೊಡನೆ ಜೋಡಿಸಿತು. ಅನಂತರದ ದಶಕದಲ್ಲಿ ಇಂತಹ ಏರ್ಪಾಡುಗಳು ಹಲವಾದವು. ಬೆಂಗಳೂರಿನ ಗಡಿಯಾರವು ಗ್ರೀನ್‌ವಿಚ್ ಕಾಲಕ್ಕಿಂತ ೫ ಗಂಟೆ ೩೦ ನಿಮಿಷ ಮುಂದಿದೆ. ಕ್ಯಾಲಿಫೋರ್ನಿಯಾದ ಗಡಿಯಾರಕ್ಕೂ ಇದಕ್ಕೂ ಋತುವಿಗೆ ತಕ್ಕಂತೆ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆಗಳ ಅಂತರವಿದೆ. ಅಲ್ಲಿಯವನು ಸಂಜೆ ಬೀಗ ಹಾಕಿ ಮನೆಗೆ ಹೋದರೆ ಇಲ್ಲಿಯವನ ಇಡೀ ಹಗಲು ವ್ಯರ್ಥ. ಕೇಂದ್ರವೊಂದನ್ನೇ ನೆಚ್ಚಿದರೆ, ಸಂಪರ್ಕ ಕಡಿದ ದಿನ ದೂರದ ಕಚೇರಿಗೆ ಕೆಲಸವೇ ಇಲ್ಲ. ಪ್ರತಿಯೊಂದು ನೆಲೆಯಲ್ಲಿಯೂ ಪೂರ್ಣ ಭಂಡಾರವಿರಬೇಕೆಂಬ ಬೇಡಿಕೆ ಹುಟ್ಟಿದುದು ಇಂತಹ ಪರಿಸ್ಥಿತಿಯಲ್ಲಿ.

ಈ ಬೇಡಿಕೆಗೆ ದೊರೆತ ಉತ್ತರಗಳಲ್ಲಿ ಕ್ಲಿಯರ್‌ಕೇಸ್ ಮಲ್ಟಿಸೈಟ್ ಎಂಬುದು ವಿಶೇಷವಾಗಿ ವಿಚಾರಾರ್ಹವಾಗಿದೆ. ಕ್ಲಿಯರ್‌ಕೇಸನ್ನು ೧೯೯೨ರಲ್ಲಿ ಹೊರತಂದವರು ಏಟ್ರಿಯಾ ಎಂಬ ಸಂಸ್ಥೆಯವರು. ಅದರ ನಿರ್ಮಾಪಕರಲ್ಲಿ ಪ್ರಮುಖರಾದ ಡೇವಿಡ್ ಲೆಬ್‌ಲ್ಯಾಂಗ್ ಅವರು ಅದಕ್ಕೆ ಮೊದಲು ಅಪೋಲೊ ಸಂಸ್ಥೆಯಲ್ಲಿ ಇದೇ ಬಗೆಯ ಕೆಲಸವನ್ನು ಮಾಡಿದ್ದರು. ದಶಕದ ಮಧ್ಯಭಾಗದಲ್ಲಿ ಇದಕ್ಕೆ ಸೇರಿದ ಮಲ್ಟಿಸೈಟ್ ವ್ಯವಸ್ಥೆಯಲ್ಲಿ ಪ್ರತಿಯೊಂದು ನೆಲೆಗೂ ಭಂಡಾರದ ಸಮಾನ ಪ್ರತಿಯಿತ್ತು. ಆದರೆ ಬರಹದ ಪ್ರತಿಯೊಂದು ಶಾಖೆಗೂ ಒಂದು ನೆಲೆ ಮಾತ್ರ ಒಡೆಯ. ಒಡೆತನವುಳ್ಳ ನೆಲೆಯಲ್ಲಿಯೇ ಆ ಶಾಖೆ ಮುಂದೆ ಬೆಳೆಯಬೇಕು. ಉಳಿದ ನೆಲೆಗಳವರು ಅದನ್ನು ಓದಬಹುದು, ತಮ್ಮ ಶಾಖೆಯೊಳಕ್ಕೆ ಬೆರೆಸಿಕೊಳ್ಳಬಹುದು, ಬೇಕಾದರೆ ಒಡೆತನವನ್ನೇ ಕೇಳಿ ಪಡೆಯಬಹುದು. ಒಂದೇ ಶಾಖೆಯನ್ನು ಎರಡು ಊರುಗಳು ಬೆಳೆಸುವ ಅವಕಾಶವೇ ಇಲ್ಲವಾದುದರಿಂದ ಪರಸ್ಪರ ವಿರುದ್ಧವಾದ ಎರಡು ಇತಿಹಾಸಗಳು ಹುಟ್ಟುತ್ತಿರಲಿಲ್ಲ. ಬದಲಾವಣೆಗಳನ್ನು ಕಟ್ಟುಗಳಾಗಿ ಮಾಡಿ ಜಾಲದ ಮೂಲಕ ಕಳುಹಿಸುತ್ತಿದ್ದರು. ಜಾಲವಿಲ್ಲದೆಡೆಗೆ ಅದೇ ಕಟ್ಟನ್ನು ಕಾಂತಸುರುಳಿಯಲ್ಲಿ ತುಂಬಿ ಸಾಗಿಸುವುದೂ ಸಾಧ್ಯವಿತ್ತು.

ಯಾವ ಕಟ್ಟು ಎಲ್ಲಿಗೆ ಮುಟ್ಟಿದೆ ಎಂದು ತಿಳಿಯಲು ಪ್ರತಿಯೊಂದು ನೆಲೆಯೂ ಒಂದು ಲೆಕ್ಕವನ್ನು ಇಡುತ್ತಿತ್ತು: ತನ್ನಲ್ಲಿ ನಡೆದ ಕ್ರಿಯೆಗಳೆಷ್ಟು, ಪ್ರತಿಯೊಂದು ಇತರ ನೆಲೆಯ ಕ್ರಿಯೆಗಳಲ್ಲಿ ತನಗೆ ತಲಪಿದುವೆಷ್ಟು, ಆ ನೆಲೆಗಳಿಗೆ ತಲಪಿರಬಹುದಾದುವೆಷ್ಟು ಎಂಬ ಸಂಖ್ಯಾಪಟ್ಟಿ ಅದು. ಈ ಪಟ್ಟಿಯಿಂದಲೇ ಒಂದು ಅಪಾಯವೂ ಹುಟ್ಟುತ್ತಿತ್ತು. ಒಂದು ನೆಲೆಯ ಯಂತ್ರ ಕೆಟ್ಟು, ಅಲ್ಲಿಯವರು ಮೂರು ದಿನದ ಹಿಂದಿನ ರಕ್ಷಣಾಪ್ರತಿಯನ್ನು ಮರಳಿ ಸ್ಥಾಪಿಸಿದರೆಂದು ಇಟ್ಟುಕೊಳ್ಳೋಣ. ಆ ಮೂರು ದಿನಗಳ ಕ್ರಿಯೆಗಳು ಅಷ್ಟರಲ್ಲಿ ಇತರ ಊರುಗಳಿಗೆ ಹೋಗಿವೆ. ಆದರೆ ಹುಟ್ಟಿದ ಮನೆಯಲ್ಲಿಯೇ ಅವುಗಳ ನೆನಪಿಲ್ಲ. ಈಗ ಹೊಸ ಕೆಲಸವನ್ನು ಆರಂಭಿಸಿದರೆ ಹಳೆಯ ಸಂಖ್ಯೆಗಳನ್ನೇ ಹೊಸ ಕ್ರಿಯೆಗಳು ಹೊತ್ತುಕೊಳ್ಳುತ್ತವೆ. ಇತರ ನೆಲೆಗಳು ಅವು ತಮ್ಮಲ್ಲಿ ಆಗಲೇ ಇವೆಯೆಂದು ಭಾವಿಸಿ ಬಿಟ್ಟುಬಿಡುತ್ತವೆ. ಆದುದರಿಂದ ಮರಳಿ ಸ್ಥಾಪಿತವಾದ ನೆಲೆಯು ತಾನು ಹಿಂದೆ ಕಳುಹಿಸಿದ್ದನ್ನು ನೆರೆಯ ನೆಲೆಗಳಿಂದ ಮರಳಿ ಪಡೆಯುವವರೆಗೆ ಹೊಸದೇನನ್ನೂ ಬರೆಯಕೂಡದೆಂಬ ಕಟ್ಟುಪಾಡನ್ನು ಈ ವ್ಯವಸ್ಥೆಯಲ್ಲಿ ವಿಧಿಸಲಾಗಿತ್ತು. ಬರಹ ನಷ್ಟವಾಗುವುದಕ್ಕಿಂತಲೂ ಇತಿಹಾಸ ಮರೆತುಹೋಗುವುದು ಹೆಚ್ಚು ಕೇಡಿನದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೫

ವಾಣಿಜ್ಯಸಂಸ್ಥೆಗಳು ಒಡೆತನವನ್ನು ಹಂಚಿಕೊಳ್ಳುತ್ತಿದ್ದ ಅದೇ ಕಾಲದಲ್ಲಿ, ಸ್ವಯಂಪ್ರೇರಿತರಾಗಿ ತಂತ್ರಾಂಶ ರಚಿಸುತ್ತಿದ್ದ ಸಮೂಹಗಳು ಬೇರೊಂದು ದಾರಿಯನ್ನು ಹಿಡಿದವು. ಒಂದು ಕೇಂದ್ರಭಂಡಾರವನ್ನು ಉಳಿಸಿಕೊಂಡು ಅದರ ಪ್ರತಿಬಿಂಬಗಳನ್ನು ಲೋಕದಾದ್ಯಂತ ಇರಿಸುವುದೇ ಆ ದಾರಿ. ಫ್ರೀಬಿಎಸ್‌ಡಿ ಸಮೂಹದಲ್ಲಿ ಪೌಲ್-ಹೆನ್ನಿಂಗ್ ಕಾಂಪ್ ಅವರು ರಚಿಸಿದ ಸಿಟಿಎಂ ಎಂಬ ಸಾಧನವು ಬದಲಾವಣೆಗಳನ್ನು ಮಿಂಚಂಚೆಯಲ್ಲಿಯೇ ಕಳುಹಿಸುತ್ತಿತ್ತು. ತರುವಾಯ ಜಾನ್ ಪೋಲ್‌ಸ್ಟ್ರಾ ಅವರ ಸಿವಿಎಸ್‌ಅಪ್ ಎಂಬುದು ಭಂಡಾರದ ಕಡತಗಳ ಒಳರಚನೆಯನ್ನು ಅರಿತು, ಹೊಸದಾಗಿ ಸೇರಿದ ಆವೃತ್ತಿಗಳನ್ನು ಮಾತ್ರ ಸಾಗಿಸುವ ಜಾಣ್ಮೆಯನ್ನು ತೋರಿತು.

ಇದೇ ಅವಧಿಯಲ್ಲಿ, ೧೯೯೬ರಲ್ಲಿ, ಆಸ್ಟ್ರೇಲಿಯನ್ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಅವರು ಆರ್‌ಸಿಂಕ್ ಎಂಬ ವಿಧಾನವನ್ನು ಪ್ರಕಟಿಸಿದರು. ಹಳೆಯ ಪ್ರತಿಯುಳ್ಳವನು ತನ್ನ ಕಡತವನ್ನು ತುಂಡುಗಳಾಗಿ ವಿಭಾಗಿಸಿ ಒಂದೊಂದು ತುಂಡಿನ ಚಿಕ್ಕ ಸಂಖ್ಯಾಮುದ್ರೆಯನ್ನು ಕಳುಹಿಸುತ್ತಾನೆ. ಹೊಸ ಪ್ರತಿಯುಳ್ಳವನು ತನ್ನ ಕಡತದ ಉದ್ದಕ್ಕೂ ಅಕ್ಷರಕ್ಷರವಾಗಿ ಸರಿಯುತ್ತ ಆ ಮುದ್ರೆಗಳಿಗೆ ಹೊಂದುವ ತುಂಡುಗಳನ್ನು ಗುರುತಿಸಿ, ಹೊಂದದ ಭಾಗವನ್ನು ಮಾತ್ರ ಕಳುಹಿಸುತ್ತಾನೆ. ಎರಡು ಕಡತಗಳನ್ನು ಒಂದೆಡೆ ತಾರದೆಯೇ ಅವುಗಳ ವ್ಯತ್ಯಾಸವನ್ನು ಕಂಡುಹಿಡಿಯುವ ಈ ಉಪಾಯ ಇಂದಿಗೂ ಬಳಕೆಯಲ್ಲಿದೆ. ಆದರೆ ಇದಕ್ಕೆ ಬರಹದ ಅರ್ಥವಾಗಲಿ ಇತಿಹಾಸವಾಗಲಿ ತಿಳಿಯದು. ಕಳುಹಿಸುವ ಕಡೆಯಲ್ಲಿರುವುದೇ ಸರಿ ಎಂದು ಅದು ನಂಬಿಕೊಂಡಿರುತ್ತದೆ.

ಇಂತಹ ನಂಬಿಕೆಯ ಅಪಾಯ ಎಷ್ಟೆಂಬುದನ್ನು ೨೦೦೩ರ ನವೆಂಬರಿನಲ್ಲಿ ನಡೆದ ಒಂದು ಘಟನೆ ತೋರಿಸಿತು. ಆಗ ಲಿನಕ್ಸ್ ತಿರುಳಿನ ಮುಖ್ಯ ಇತಿಹಾಸವು ಲಾರಿ ಮೆಕ್‌ವಾಯ್ ಅವರ ಬಿಟ್‌ಕೀಪರ್ ಎಂಬ ವ್ಯವಸ್ಥೆಯಲ್ಲಿತ್ತು. ಅದನ್ನು ಬಳಸಲೊಲ್ಲದವರ ಅನುಕೂಲಕ್ಕಾಗಿ ಸಿವಿಎಸ್ ರೂಪದ ಒಂದು ಪ್ರತಿಬಿಂಬವನ್ನು ಯಂತ್ರವೇ ಸಿದ್ಧಪಡಿಸುತ್ತಿತ್ತು. ಯಾರೋ ಈ ಪ್ರತಿಬಿಂಬದ ಯಂತ್ರಕ್ಕೆ ನುಗ್ಗಿ ಎರಡು ಸಾಲುಗಳನ್ನು ಸೇರಿಸಿದರು. ಸಿ ಭಾಷೆಯಲ್ಲಿ ಎರಡು ಸಮಚಿಹ್ನೆಗಳಿದ್ದರೆ ಎರಡು ಬೆಲೆಗಳು ಸಮವೇ ಎಂಬ ಪ್ರಶ್ನೆ. ಒಂದೇ ಇದ್ದರೆ ಬೆಲೆಯನ್ನು ಕೊಡು ಎಂಬ ಆಜ್ಞೆ. ಸೇರಿಸಿದ ಸಾಲಿನಲ್ಲಿ ಒಂದೇ ಸಮಚಿಹ್ನೆಯಿತ್ತು. ಪರಿಣಾಮವಾಗಿ, ಗುಟ್ಟನ್ನು ಬಲ್ಲ ಯಾವ ಬಳಕೆದಾರನಾದರೂ ಯಂತ್ರದ ಸರ್ವಾಧಿಕಾರವನ್ನು ಪಡೆಯಬಹುದಾಗಿತ್ತು. ಸಾಧಾರಣ ಓದಿಗೆ ಅದೊಂದು ಕೈತಪ್ಪಿನಂತೆಯೂ ತೋರದು. ಆದರೆ ಆ ತಿದ್ದುಪಡಿಗೆ ಮುಖ್ಯ ಇತಿಹಾಸದಲ್ಲಿ ಯಾವ ಮೂಲದಾಖಲೆಯೂ ಇರಲಿಲ್ಲ. ಎರಡು ಭಂಡಾರಗಳನ್ನು ಹೋಲಿಸುವ ಪರಿಶೀಲನೆಯಲ್ಲಿ ಈ ಅನಾಥ ಸಾಲುಗಳು ಹೊರಬಿದ್ದುವು. ಮುಖ್ಯ ಪಾಠಕ್ಕೆ ಅವು ಎಂದಿಗೂ ಸೇರಲಿಲ್ಲ. ನಮ್ಮ ಸಂಪಾದಕರು ಪ್ರಕ್ಷಿಪ್ತವನ್ನು ಗುರುತಿಸುವುದೂ ಬಹುಮಟ್ಟಿಗೆ ಹೀಗೆಯೇ: ಪದ್ಯವು ಚೆನ್ನಾಗಿದೆಯೋ ಇಲ್ಲವೋ ಎಂಬುದರಿಂದಲ್ಲ, ಅದು ಯಾವ ಪರಂಪರೆಯಿಂದ ಬಂದಿತೆಂಬುದರಿಂದ.

೬

ಲಿನಕ್ಸ್ ಸಮೂಹ ಮತ್ತು ಬಿಟ್‌ಕೀಪರ್ ಸಂಸ್ಥೆಗಳ ಸಂಬಂಧ ೨೦೦೨ರಿಂದ ನಡೆದುಬಂದು ೨೦೦೫ರ ಏಪ್ರಿಲಿನಲ್ಲಿ ಮುರಿಯಿತು. ಆರ್‌ಸಿಂಕ್ ರಚಿಸಿದ್ದ ಟ್ರಿಜೆಲ್ ಅವರೇ ಬಿಟ್‌ಕೀಪರಿನ ಭಂಡಾರದೊಡನೆ ಮಾತಾಡಬಲ್ಲ ಸ್ವತಂತ್ರ ಸಾಧನವೊಂದನ್ನು ರಚಿಸತೊಡಗಿದ್ದರು. ಸಂಸ್ಥೆಯು ಇದಕ್ಕೆ ಒಪ್ಪದೆ ಉಚಿತ ಬಳಕೆಯ ಅನುಮತಿಯನ್ನು ಹಿಂದೆಗೆದುಕೊಂಡಿತು. ಸಾವಿರಾರು ಜನರ ಕೆಲಸ ಒಂದು ಸಂಸ್ಥೆಯ ಒಪ್ಪಿಗೆಯ ಮೇಲೆ ನಿಂತಿದ್ದುದು ಆಗ ಎಲ್ಲರಿಗೂ ಮನದಟ್ಟಾಯಿತು. ಅದೇ ತಿಂಗಳಿನಲ್ಲಿ ಲೀನಸ್ ಟೋರ್ವಾಲ್ಡ್ಸ್ ಗಿಟ್ ಎಂಬ ವ್ಯವಸ್ಥೆಯನ್ನೂ, ಮ್ಯಾಟ್ ಮ್ಯಾಕಾಲ್ ಮರ್ಕ್ಯುರಿಯಲ್ ಎಂಬುದನ್ನೂ ಆರಂಭಿಸಿದರು. ಜೂನ್ ತಿಂಗಳಲ್ಲಿ ಲಿನಕ್ಸಿನ ೨.೬.೧೨ನೆಯ ಆವೃತ್ತಿ ಗಿಟ್ ಸಹಾಯದಿಂದ ಹೊರಬಂದಿತು. ಜುಲೈಯಲ್ಲಿ ಗಿಟ್‌ನ ಪಾಲನೆಯ ಹೊಣೆಯನ್ನು ಜುನಿಯೊ ಹಮಾನೊ ಅವರು ವಹಿಸಿಕೊಂಡರು.

ಕೇಂದ್ರವಿಲ್ಲದ ಭಂಡಾರದ ಕಲ್ಪನೆ ಗಿಟ್‌ನಿಂದಲೇ ಹುಟ್ಟಿತೆಂದು ಹೇಳಲಾಗದು. ಬಿಟ್‌ಕೀಪರ್ ಮಾತ್ರವಲ್ಲದೆ ಜಿಎನ್‌ಯು ಆರ್ಚ್, ಮಾನೊಟೋನ್, ಡಾರ್ಕ್ಸ್ ಮುಂತಾದುವೂ ಅದಕ್ಕೆ ಮೊದಲೇ ಬಳಕೆಗೆ ಬಂದಿದ್ದುವು. ಒಂದು ಬರಹಕ್ಕೆ ಅದರ ಒಡಲಿನಿಂದಲೇ ಲೆಕ್ಕಹಾಕಿದ ಸಂಖ್ಯೆಯನ್ನು ಹೆಸರಾಗಿ ಕೊಡುವ ಕ್ರಮವೂ ಮಾನೊಟೋನ್‌ನಲ್ಲಿ ಇತ್ತು. ಗಿಟ್‌ನಲ್ಲಿ ಇವೆಲ್ಲ ಸರಳವಾಗಿ ಒಂದೆಡೆ ಕೂಡಿದುವು. ಒಪ್ಪಿಸಿದ ಪ್ರತಿಯೊಂದು ಬದಲಾವಣೆಗೂ, ಎಂದರೆ ಪ್ರತಿಯೊಂದು ಕಮಿಟ್‌ಗೂ, ಎಸ್‌ಎಚ್‌ಎ-೧ ಎಂಬ ಗಣಿತಕ್ರಮದಿಂದ ೪೦ ಅಂಕಾಕ್ಷರಗಳ ಹೆಸರು ದೊರೆಯುತ್ತದೆ. ಈ ಹೆಸರಿನಲ್ಲಿ ಬರಹವಷ್ಟೇ ಅಲ್ಲ, ಅದರ ತಾಯಿಯಾದ ಹಿಂದಿನ ಕಮಿಟ್‌ನ ಹೆಸರೂ ಅಡಗಿರುತ್ತದೆ. ಹಿಂದಿನ ಇತಿಹಾಸದಲ್ಲಿ ಒಂದು ಅಕ್ಷರ ಬದಲಾದರೂ ಮುಂದಿನ ಎಲ್ಲ ಹೆಸರುಗಳೂ ಬದಲಾಗಬೇಕಾಗುತ್ತದೆ. ಆದುದರಿಂದ ಎರಡು ಊರುಗಳ ಭಂಡಾರಗಳು ತಮ್ಮ ಕೊನೆಯ ಹೆಸರುಗಳನ್ನು ಹೋಲಿಸಿಕೊಂಡರೆ ಸಾಕು. ಅವು ಒಂದೇ ಆಗಿದ್ದರೆ ಅಲ್ಲಿಯವರೆಗಿನ ಇತಿಹಾಸವೆಲ್ಲ ಒಂದೇ. ಬೇರೆಯಾಗಿದ್ದರೆ ಹಿಂದಕ್ಕೆ ನಡೆದು ಸಮಾನ ಪೂರ್ವಜವನ್ನು ಹುಡುಕಿ, ಅಲ್ಲಿಂದ ಈಚೆಗೆ ಇಲ್ಲದಿರುವುದನ್ನು ಮಾತ್ರ ತರಿಸಿಕೊಳ್ಳಬಹುದು. ಯಾವುದು ಮೊದಲು ಎಂದು ಗಡಿಯಾರವನ್ನು ಕೇಳುವ ಅಗತ್ಯವಿಲ್ಲ. ವಂಶಾವಳಿಯೇ ಅದನ್ನು ಹೇಳುತ್ತದೆ. ಲ್ಯಾಂಪೋರ್ಟ್ ಅವರು ತೋರಿದ ತೊಡಕಿಗೆ ಇಲ್ಲಿ ಒಂದು ವ್ಯಾವಹಾರಿಕ ಪರಿಹಾರ ದೊರೆತಂತಾಯಿತು.

ಹಾಗಾದರೆ ಅಧಿಕಾರವೆಲ್ಲಿ ಹೋಯಿತು? ಯಂತ್ರದ ದೃಷ್ಟಿಯಲ್ಲಿ ಗಿಟ್‌ನ ಎಲ್ಲ ಭಂಡಾರಗಳೂ ಸಮಾನ. ಟೋರ್ವಾಲ್ಡ್ಸ್ ಅವರ ಭಂಡಾರ ಮುಖ್ಯವೆನಿಸಿದುದು ಜನರ ಒಪ್ಪಿಗೆಯಿಂದಲೇ ಹೊರತು ತಂತ್ರದ ಕಟ್ಟಳೆಯಿಂದಲ್ಲ. ೨೦೦೮ರಲ್ಲಿ ಗಿಟ್‌ಹಬ್ ಆರಂಭವಾದ ಮೇಲೆ ಅಸಂಖ್ಯಾತ ಸಮೂಹಗಳು ಮತ್ತೆ ಒಂದು ಕೇಂದ್ರದ ಸುತ್ತ ನೆರೆದವು. ತಮ್ಮ ಸ್ವಂತ ಪ್ರತಿಬಿಂಬದ ಏರ್ಪಾಡುಗಳನ್ನು ಕಟ್ಟಿಕೊಂಡಿದ್ದ ಫ್ರೀಬಿಎಸ್‌ಡಿಯವರೂ ೨೦೦೮ರಲ್ಲಿ ಸಬ್‌ವರ್ಷನ್ ಎಂಬ ಕೇಂದ್ರೀಯ ವ್ಯವಸ್ಥೆಗೆ ಬಂದು, ೨೦೨೦ರ ಡಿಸೆಂಬರಿನಲ್ಲಿ ತಮ್ಮ ಮೂಲಬರಹವನ್ನು ಗಿಟ್‌ಗೆ ಸಾಗಿಸಿದರು. ಕೇಂದ್ರವನ್ನು ಬೇಡವೆನ್ನುವ ಸಾಮರ್ಥ್ಯವಿದ್ದರೂ ಜನ ಕೇಂದ್ರವನ್ನು ಬಯಸುತ್ತಾರೆ. ವ್ಯತ್ಯಾಸವಿಷ್ಟೆ, ಆ ಕೇಂದ್ರ ಕೈಕೊಟ್ಟರೆ ಇತಿಹಾಸ ಅದರೊಡನೆ ಮುಳುಗಬೇಕಾಗಿಲ್ಲ. ಹೆಸರನ್ನು ಲೆಕ್ಕಹಾಕುವ ಕ್ರಮವೂ ಅಚಲವಾದುದಲ್ಲ. ೨೦೧೭ರಲ್ಲಿ ಆಮ್‌ಸ್ಟರ್‌ಡಾಮಿನ ಸಿಡಬ್ಲ್ಯುಐ ಸಂಸ್ಥೆಯ ಮತ್ತು ಗೂಗಲ್ ಸಂಸ್ಥೆಯ ಸಂಶೋಧಕರು ಒಂದೇ ಎಸ್‌ಎಚ್‌ಎ-೧ ಸಂಖ್ಯೆಯುಳ್ಳ ಎರಡು ಭಿನ್ನ ಕಡತಗಳನ್ನು ರಚಿಸಿ ತೋರಿಸಿದರು. ತರುವಾಯ ಗಿಟ್ ಇಂತಹ ಕೃತಕ ರಚನೆಯನ್ನು ಗುರುತಿಸುವ ಪರೀಕ್ಷೆಯನ್ನು ಅಳವಡಿಸಿಕೊಂಡಿತು.

೭

ಎಲ್ಲ ನೆಲೆಗಳಲ್ಲಿಯೂ ಒಂದೇ ಪಾಠವಿದ್ದರೆ ಪಾಠ ಸುರಕ್ಷಿತವೆಂದು ಭಾವಿಸುವುದು ಸಹಜ. ೨೦೧೩ರ ಮಾರ್ಚಿಯಲ್ಲಿ ಕೆಡಿಇ ಸಮೂಹಕ್ಕೆ ಒದಗಿದ ವಿಪತ್ತು ಈ ಭಾವನೆಯನ್ನು ಅಲ್ಲಗಳೆಯಿತು. ಅದರ ಮುಖ್ಯ ಯಂತ್ರದಲ್ಲಿ ಸುಮಾರು ೧,೫೦೦ ಗಿಟ್ ಭಂಡಾರಗಳಿದ್ದವು. ಹಲವು ಪ್ರತಿಬಿಂಬಗಳು ಅದನ್ನು ಆಗಾಗ ಅನುಸರಿಸುತ್ತಿದ್ದವು. ಮುಖ್ಯ ಯಂತ್ರದ ಕಡತವ್ಯವಸ್ಥೆ ಕೆಟ್ಟಾಗ ಭಂಡಾರಗಳ ಪಟ್ಟಿಯೂ ಕೆಟ್ಟಿತು. ಪಟ್ಟಿಯಲ್ಲಿ ಕಾಣದ ಭಂಡಾರಗಳನ್ನು ಪ್ರತಿಬಿಂಬಗಳು ನಿಷ್ಠೆಯಿಂದ ಅಳಿಸಿಹಾಕಿದುವು. ಅದೃಷ್ಟವಶಾತ್ ಈ ಅಳಿವಿನಿಂದ ಹೊರತಾಗಿ ಉಳಿದಿದ್ದ ಒಂದು ಯಂತ್ರದ ಪ್ರತಿಯಿಂದ ಎಲ್ಲವನ್ನೂ ಮರಳಿ ಪಡೆಯಲು ಸಾಧ್ಯವಾಯಿತು. ಇಲ್ಲಿ ಹೊಂದಾಣಿಕೆಯ ಸಾಧನ ಸೋತಿತೆಂದು ಹೇಳಲಾಗದು. ಅದು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ಆದರೆ ಮುಖ್ಯ ಯಂತ್ರ ಹೇಳಿದುದನ್ನು ತನ್ನಲ್ಲಿದ್ದ ಇತಿಹಾಸದೊಡನೆ ಒರೆಹಚ್ಚಿ ನೋಡಲಿಲ್ಲ. ೨೦೦೩ರಲ್ಲಿ ಲಿನಕ್ಸನ್ನು ಕಾಪಾಡಿದ ಹೋಲಿಕೆಯ ಹೆಜ್ಜೆ ಇಲ್ಲಿ ಇರಲಿಲ್ಲ.

ಇದುವರೆಗಿನ ವಿವೇಚನೆಯಿಂದ ಒಂದು ನಿರ್ಣಯಕ್ಕೆ ಬರಬಹುದಾಗಿದೆ. ಹಲವು ನೆಲೆಗಳ ಭಂಡಾರಗಳನ್ನು ಹೊಂದಿಸುವುದೆಂದರೆ ಅಕ್ಷರಗಳನ್ನು ಅತ್ತಿಂದಿತ್ತ ಸಾಗಿಸುವುದಲ್ಲ. ಏನು ನಡೆಯಿತು, ಯಾವುದರ ಮೇಲೆ ಯಾವುದು ನಡೆಯಿತು ಎಂಬುದರಲ್ಲಿ ಎಲ್ಲರೂ ಒಮ್ಮತಕ್ಕೆ ಬರುವುದು. ಬೀಗವು ಆ ಒಮ್ಮತವನ್ನು ಒಬ್ಬನ ಕೈಗೆ ಕೊಟ್ಟಿತು, ಸಿವಿಎಸ್ ಒಂದು ಯಂತ್ರಕ್ಕೆ ಕೊಟ್ಟಿತು, ಮಲ್ಟಿಸೈಟ್ ಊರೂರಿಗೆ ಹಂಚಿತು, ಗಿಟ್ ದಾಖಲೆಯ ವಂಶಾವಳಿಯಲ್ಲಿಯೇ ಬರೆದಿಟ್ಟಿತು. ಇವುಗಳಲ್ಲಿ ಯಾವುದೂ ಪ್ರತಿಯನ್ನು ಪರೀಕ್ಷಿಸಿ ನೋಡುವ ಹೊಣೆಯಿಂದ ಮನುಷ್ಯನನ್ನು ಬಿಡುಗಡೆ ಮಾಡಿಲ್ಲ. ಇತಿಹಾಸವಿಭಾಗದ ವಿದ್ಯಾರ್ಥಿಯೂ ಗಣಕಶಾಸ್ತ್ರದ ವಿದ್ಯಾರ್ಥಿಯೂ ಇಲ್ಲಿ ಒಂದೇ ಪಾಠವನ್ನು ಕಲಿಯುತ್ತಾರೆ: ಒಂದು ದಾಖಲೆಯ ಬೆಲೆಯನ್ನು ಕಟ್ಟುವ ಮೊದಲು ಅದು ಎಲ್ಲಿಂದ, ಯಾವ ಕೈಗಳ ಮೂಲಕ ಬಂದಿತೆಂದು ಕೇಳಬೇಕು.